ಹಾಜರಿ ಸಿಕ್ಕ ಮಕ್ಕಳಿಗೆ ಪಾಠವೂ ಸಿಗಲಿ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಶಿಕ್ಷಕ, ಶಿಕ್ಷಕಿಯರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗುವೊಂದರ ಹೆಸರಿದ್ದರೆ ಈ ಪತ್ರವನ್ನು ದಯವಿಟ್ಟು ಪೂರ್ತಿ ಓದಿ. ಸದ್ಯಕ್ಕೆ ಅಂಥ ಮಗು ಇಲ್ಲದಿದ್ದರೂ ಓದಿ. ಬರುವ ಜೂನ್‌ನಲ್ಲಿ ತಾಯಿಯೊಬ್ಬಳು ಕೈಹಿಡಿದು ಕರೆತರಬಹುದು. ನಾನು ಇದೇ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆಮೇಲೆ ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಲ್ಲಿ ಇಂಥ ಕೆಲವು ಮಕ್ಕಳ ಜೊತೆ ಕೂತು ಪಾಠ ಮಾಡುತ್ತಾ ಬಂದಿದ್ದೇನೆ. ಅಲ್ಲಿ ಕಂಡದ್ದನ್ನು ಮುಂದಿಟ್ಟು ನಿಮ್ಮನ್ನು ಒಂದು ವಿಷಯ ಕೇಳಿಕೊಳ್ಳಬೇಕಾಗಿದೆ. ಬೇರೆ ಮಕ್ಕಳು ಆ ತರಗತಿಯಲ್ಲಿ ಏನು ಕಲಿಯಬೇಕೆಂದು ನೀವು ನಿರೀಕ್ಷಿಸುತ್ತೀರೋ ಅದನ್ನೇ ಈ ಮಕ್ಕಳಿಂದಲೂ ನಿರೀಕ್ಷಿಸಿ. ಕಲಿತಿದ್ದಾರೋ ಇಲ್ಲವೋ ಪರೀಕ್ಷಿಸಿ ನೋಡಿ. ಕಂಡದ್ದನ್ನು ಇದ್ದ ಹಾಗೆಯೇ ಬರೆದಿಡಿ.

ನೀವು ಈ ಮಕ್ಕಳನ್ನು ಕಡೆಗಣಿಸಿದ್ದೀರಿ ಎಂದು ಹೇಳಲು ನಾನು ಬಂದಿಲ್ಲ. ಬಿಸಿಯೂಟಕ್ಕೆ ಕೂರುವಾಗ ಕಣ್ಣು ಕಾಣದ ಹುಡುಗಿಯ ತಟ್ಟೆ ಎಲ್ಲಿದೆಯೆಂದು ನೋಡಿಕೊಳ್ಳುವವರು ನೀವೇ. ಅವಳನ್ನು ಬಸ್ ಹತ್ತಿಸಿ ಬರುವ ಮೇಷ್ಟ್ರನ್ನು ನಾನು ನೋಡಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿಗೆ, ಯುಡಿಐಡಿ ಕಾರ್ಡಿಗೆ, ಬ್ಯಾಂಕ್ ಖಾತೆಗೆ ಅವರ ಅಪ್ಪ ಅವ್ವಂದಿರ ಜೊತೆ ಓಡಾಡಿದವರೂ ನೀವೇ. ಮೂವತ್ತು ನಲವತ್ತು ವರ್ಷದ ಹಿಂದೆ ಇಂಥ ಮಗು ಸಾಮಾನ್ಯವಾಗಿ ಮನೆಯ ಪಡಸಾಲೆ ದಾಟುತ್ತಿರಲಿಲ್ಲ. ಇವತ್ತು ಸಮವಸ್ತ್ರ ಹಾಕಿಕೊಂಡು ಪ್ರಾರ್ಥನೆಗೆ ನಿಲ್ಲುತ್ತದೆ. ಈ ಬದಲಾವಣೆ ಸಣ್ಣದಲ್ಲ.

ಆದರೆ ಪ್ರಾರ್ಥನೆ ಮುಗಿದು ತರಗತಿಯೊಳಗೆ ಹೋದ ಮೇಲೆ ಏನಾಗುತ್ತದೆ? ಶಾಲೆಗೆ ಹೋದಾಗ ಆ ಮಗು ಏನು ಕಲಿಯುತ್ತಿದೆ ಎಂದು ಕೇಳಿದರೆ ಉತ್ತರ ಬಹಳ ಸಲ ಒಂದೇ: "ಪಾಪ, ಅದರ ಪಾಡಿಗೆ ಕೂತಿರುತ್ತೆ ಮೇಡಂ. ಯಾರಿಗೂ ತೊಂದರೆ ಕೊಡಲ್ಲ." ಮನೆಯಲ್ಲಿ ಕೇಳಿದರೆ ಅವ್ವ ಹೇಳುವುದೂ ಅದನ್ನೇ: "ಇಸ್ಕೂಲ್ಗ ಓಯ್ತಾನ, ಬತ್ತಾನ, ಅಷ್ಟೇ ಕನವ್ವ." ಇಬ್ಬರ ಮಾತಿನಲ್ಲೂ ಪ್ರೀತಿ ಇದೆ, ಮಗುವಿನ ಮೇಲೆ ಸಿಟ್ಟಿಲ್ಲ. ಆದರೆ ಆ ಮಗು ಭಾಗಾಕಾರ ಕಲಿತಿತೇ, ಒಂದು ಪ್ಯಾರಾ ಓದಿ ಅರ್ಥ ಮಾಡಿಕೊಂಡಿತೇ ಎಂಬ ಪ್ರಶ್ನೆ ಇಬ್ಬರ ಮನಸ್ಸಿಗೂ ಬಂದಿರುವುದಿಲ್ಲ.

ಈ ಪ್ರಶ್ನೆ ಕೇಳುವುದು ಈಗ ಕಾನೂನಿನ ಮಾತೂ ಹೌದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 16ನೇ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕರ್ತವ್ಯಗಳನ್ನು ಹೇಳುತ್ತದೆ. ರ‍್ಯಾಂಪು, ಶೌಚಾಲಯಗಳ ವಿಷಯ ಎಲ್ಲರಿಗೂ ಗೊತ್ತು. ಅದೇ ಸೆಕ್ಷನ್ನಿನಲ್ಲಿ ಇನ್ನೆರಡು ಮಾತಿವೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲಿ, ತಕ್ಕ ವಿಧಾನದಲ್ಲಿ ಕಲಿಸಬೇಕು ಎನ್ನುವುದು ಒಂದು. ಪ್ರತಿಯೊಬ್ಬ ವಿಕಲಚೇತನ ವಿದ್ಯಾರ್ಥಿಯ ಭಾಗವಹಿಸುವಿಕೆಯನ್ನೂ ಕಲಿಕೆಯ ಮಟ್ಟದ ಪ್ರಗತಿಯನ್ನೂ ಗಮನಿಸುತ್ತಿರಬೇಕು ಎನ್ನುವುದು ಇನ್ನೊಂದು. ಶಾಲೆಗೆ ಬಂದ ಎಂದಷ್ಟೇ ಬರೆದರೆ ಕಾನೂನಿಗೂ ಸಾಲದು. 2017ರಲ್ಲಿ ಎನ್‌ಸಿಇಆರ್‌ಟಿ ತರಗತಿವಾರು ಕಲಿಕಾ ಫಲಗಳನ್ನು ಹೊರತಂದಾಗಲೂ ವಿಶೇಷ ಅಗತ್ಯದ ಮಕ್ಕಳಿಗೆಂದು ಕಡಿಮೆ ಮಟ್ಟದ ಪಟ್ಟಿಯೊಂದನ್ನು ಮಾಡಲಿಲ್ಲ. ಎಲ್ಲರೂ ತಲುಪಬೇಕಾದ ಜಾಗ ಒಂದೇ, ದಾರಿ ಬೇರೆ ಇರಬಹುದು ಎಂಬುದು ಅದರ ಆಶಯ.

ಈಗ ಅಂಕಗಳ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಕಠಿಣವಾಗಿ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಎಫ್‌ಎ, ಎಸ್‌ಎ ಅಂಕಗಳನ್ನು ಎಸ್‌ಎಟಿಎಸ್‌ಗೆ ತುಂಬುವಾಗ ಈ ಮಗುವಿನ ಸಾಲಿಗೆ ಬಂದು ಕೈ ಒಂದು ಕ್ಷಣ ನಿಲ್ಲುತ್ತದೆ. ಖಾಲಿ ಬಿಡುವಂತಿಲ್ಲ. ಸೊನ್ನೆ ಹಾಕಲು ಮನಸ್ಸು ಬರುವುದಿಲ್ಲ. 'ಬಿ' ಎಂದೋ 'ಬಿ+' ಎಂದೋ ಹಾಕಿ ಮುಂದಿನ ಹೆಸರಿಗೆ ಹೋಗುತ್ತೀರಿ. ಕರುಣೆಯಿಂದ ಹಾಕಿದ ಆ ಅಕ್ಷರ ಏನು ಮಾಡುತ್ತದೆ ಗೊತ್ತೇ? ಬಿಇಒ ಕಚೇರಿಯಲ್ಲಿ, ಡಿಡಿಪಿಐ ಕಚೇರಿಯಲ್ಲಿ, ಬೆಂಗಳೂರಿನಲ್ಲಿ ಆ ಪಟ್ಟಿ ನೋಡುವವರಿಗೆ ಎಲ್ಲ ಸರಿಯಾಗಿದೆ ಎಂದು ಕಾಣುತ್ತದೆ. ಬ್ರೈಲ್ ಪುಸ್ತಕವಿಲ್ಲದೆ, ಸನ್ನೆ ಭಾಷೆ ಬಲ್ಲ ಒಬ್ಬ ಶಿಕ್ಷಕರೂ ಇಲ್ಲದೆ ಮಗು ಚೆನ್ನಾಗಿಯೇ ಕಲಿಯುತ್ತಿದೆ ಎಂದ ಮೇಲೆ ಪುಸ್ತಕ ಏಕೆ ಕಳಿಸಬೇಕು, ಹುದ್ದೆ ಏಕೆ ಮಂಜೂರು ಮಾಡಬೇಕು? ಆ ಮಗುವಿಗೆ ಏನೋ ಕೊರತೆಯಿದೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನಿಮ್ಮ ಅಂಕಪಟ್ಟಿ. ಅದನ್ನು ನಾವೇ ಕೈಯಾರೆ ಅಳಿಸಿದಂತಾಯಿತು.

ಸೊನ್ನೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಬರುವ ರೀತಿಯಲ್ಲಿ ಪ್ರಶ್ನೆ ಕೇಳಿ, ಅದು ತೋರಿಸಿದ್ದಕ್ಕೆ ಅಂಕ ಕೊಡಿ. ಪ್ರಶ್ನೆ ಕೇಳುವ ದಾರಿಯೇ ನಿಮಗೆ ಗೊತ್ತಿಲ್ಲದಿದ್ದರೆ "ಈ ಮಗುವನ್ನು ಮೌಲ್ಯಮಾಪನ ಮಾಡಲು ಬೇಕಾದ ನೆರವು ಶಾಲೆಗೆ ಸಿಕ್ಕಿಲ್ಲ" ಎಂದು ಲಿಖಿತವಾಗಿ ಬಿಇಒ ಅವರಿಗೆ ಕಳಿಸಿ, ಒಂದು ಪ್ರತಿ ಶಾಲೆಯಲ್ಲಿ ಇಟ್ಟುಕೊಳ್ಳಿ. ಹಾಗೆ ಬರೆದ ಒಂದು ಸಾಲು ಹತ್ತು ವರ್ಷದ 'ಬಿ+'ಗಿಂತ ಆ ಮಗುವಿಗೆ ಹೆಚ್ಚು ಉಪಕಾರ ಮಾಡುತ್ತದೆ.

ನನ್ನ ತಮ್ಮ ಹುಟ್ಟಿದಾಗಿನಿಂದ ಕಿವಿ ಕೇಳದವನು. ಏಳನೇ ತರಗತಿಯವರೆಗೆ ನಮ್ಮೂರಿನ ಶಾಲೆಗೆ ಹೋದ. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹಲಗೆಯ ಮೇಲಿನದನ್ನು ಒಂದು ಕೊಂಬೂ ಒಂದು ಒತ್ತೂ ಬಿಡದೆ ಇಳಿಸಿಕೊಳ್ಳುತ್ತಿದ್ದ. ತಪಾಸಣೆಗೆ ಬಂದವರಿಗೆ ಅವನ ನೋಟ್‌ಬುಕ್ಕನ್ನೇ ತೋರಿಸುತ್ತಿದ್ದರು. ಪ್ರತಿ ವರ್ಷ ಪಾಸು. ಮನೆಯಲ್ಲಿ ನಾನು ಅವನೇ ಬರೆದ ಪುಟ ತೆಗೆದು "ಹಸು ಹುಲ್ಲು ತಿನ್ನುತ್ತದೆ" ಎಂಬ ಸಾಲಿನ ಮೇಲೆ ಬೆರಳಿಟ್ಟು, ಇದೇನು ಎಂದು ಕೈಯಲ್ಲೇ ಕೇಳಿದರೆ ನನ್ನ ಮುಖ ನೋಡಿ ನಗುತ್ತಿದ್ದ. ಕೊಟ್ಟಿಗೆಯ ಹಸು ಅವನಿಗೆ ಗೊತ್ತಿತ್ತು. ಪುಟದ ಮೇಲಿನ ಹಸು ಅದೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇವತ್ತು ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ನೋಡಿ ತೂಕ ಹೇಳುತ್ತಾನೆ, ದರದ ಲೆಕ್ಕದಲ್ಲಿ ಅವನನ್ನು ಯಾರೂ ಮೋಸಗೊಳಿಸಲಾರರು. ಆದರೆ ಬ್ಯಾಂಕಿನಿಂದ ಕಾಗದ ಬಂದರೆ ಅಂಗಡಿಯಿಂದ ಅಂಗಡಿಗೆ ಹಿಡಿದು ಓಡಾಡುತ್ತಾನೆ. ರುಜು ಮಾತ್ರ ಈಗಲೂ ಚೆಂದ.

ಆ ಕಾಲದಲ್ಲಿ ಶಿಕ್ಷಕರಿಗೆ ದಾರಿ ಇರಲಿಲ್ಲ. ಈಗ ಇದೆ. ಆದ್ದರಿಂದ ನೋಟ್‌ಬುಕ್ ನೋಡಿ ಸಮಾಧಾನಪಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಕಿವಿ ಕೇಳದ ಮಗು ಅಚ್ಚುಕಟ್ಟಾಗಿ ನಕಲು ಮಾಡುತ್ತಿದೆ ಎಂದರೆ ಅದರ ಕಣ್ಣು, ಕೈ, ಶ್ರದ್ಧೆ ಮೂರೂ ಚೆನ್ನಾಗಿವೆ ಎಂದು ಮಾತ್ರ ಅರ್ಥ. ಹಲಗೆಯಲ್ಲಿ ಇಲ್ಲದ ಒಂದು ವಾಕ್ಯ ಬರೆಯಲು ಹೇಳಿ. ಒಂದು ಚಿತ್ರ ತೋರಿಸಿ, ಅದರಲ್ಲಿ ಏನಾಗುತ್ತಿದೆ ಎಂದು ಕೇಳಿ. ಆಗ ನಿಜ ಸ್ಥಿತಿ ಗೊತ್ತಾಗುತ್ತದೆ.

"ನನ್ನ ತುಟಿ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾನೆ" ಎಂದು ಹಲವರು ಹೇಳುತ್ತೀರಿ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಮರ, ಬರ, ಪರ ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಗಂಟಲಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣುವುದೇ ಇಲ್ಲ. ಮಗು ಊಹಿಸುತ್ತಿರುತ್ತದೆ. ನೀವು ಹಲಗೆಗೆ ತಿರುಗಿ ಬರೆಯುತ್ತಾ ಮಾತಾಡಿದರೆ ಆ ಊಹೆಗೂ ಆಧಾರ ತಪ್ಪುತ್ತದೆ. ಶ್ರವಣಯಂತ್ರ ಹಾಕಿದ ಮಗುವಿನ ಕಥೆಯೂ ಇಷ್ಟೇ ಸೂಕ್ಷ್ಮ. ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ. ಶೀಟಿನ ಮಾಡಿನ ಕೋಣೆಯಲ್ಲಿ ನಲವತ್ತು ಮಕ್ಕಳ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಮಗು ಬೆಳೆದಂತೆ ಕಿವಿಗೆ ಹಾಕುವ ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹಾಕುತ್ತದೆ, ಅಚ್ಚನ್ನು ಬದಲಿಸಬೇಕು. ಬ್ಯಾಟರಿ ಮುಗಿದರೆ ಯಂತ್ರ ಟ್ರಂಕಿನೊಳಗೆ ಸೇರುತ್ತದೆ. ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವಾಗಲೇ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಿಬಿಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಯವರೆಗೂ ಅದರ ಸೇವೆ ಬಂದಿದೆ. ದೇಶದ ಬೇರೆಡೆಯವರು ರೈಲು ಹತ್ತಿ ಹುಡುಕಿಕೊಂಡು ಬರುವ ಸಂಸ್ಥೆ ನಮಗೆ ಒಂದೂವರೆ ಗಂಟೆಯ ಬಸ್ ದಾರಿಯಲ್ಲಿದೆ. ಆ ದಾರಿ ಗೊತ್ತಿಲ್ಲದ ಅಪ್ಪ ಅವ್ವಂದಿರಿಗೆ ನೀವೇ ತಿಳಿಸಿ ಹೇಳಬೇಕು.

ಯಂತ್ರದಿಂದಲೂ ಕೇಳಿಸದ ಮಕ್ಕಳಿಗೆ ಸನ್ನೆ ಭಾಷೆ ಬೇಕು. ಇದರ ಬಗ್ಗೆ ನಮ್ಮಲ್ಲಿ ಇನ್ನೂ ಅಳುಕಿದೆ, ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯವಿದೆ. ಜಗತ್ತಿಗೇ ಆ ಭಯವಿತ್ತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ ಶಾಲೆಗಳಲ್ಲಿ ಸನ್ನೆ ಭಾಷೆ ಬೇಡವೆಂದು ತೀರ್ಮಾನಿಸಿತು. ಆ ಸಮ್ಮೇಳನಗಳ ಪರಂಪರೆಯವರೇ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಅದಕ್ಕೆ ವಿಷಾದ ಹೇಳಿದರು. ನಡುವೆ ಹೋದದ್ದು 130 ವರ್ಷ. ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಷ್ಟಾಗಿತ್ತು. ಪ್ರತಿ ಪದಕ್ಕೂ ವಿಡಿಯೊ ಇದೆ, ಮೊಬೈಲ್‌ನಲ್ಲಿ ಬಿಟ್ಟಿಯಾಗಿ ನೋಡಬಹುದು. 2024ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಪೂರ್ತಿಯಾಗಿ ಸನ್ನೆ ಭಾಷೆಗೇ ಮೀಸಲಾಗಿ ಬಂತು.

ಕನ್ನಡ ಕಲಿಸುವವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಭಾರತೀಯ ಸನ್ನೆ ಭಾಷೆಯಲ್ಲೂ ಕನ್ನಡದಂತೆಯೇ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ. ತೊಡಕು ಬರುವುದು ವಿಭಕ್ತಿಯಲ್ಲಿ. "ನಾನು ಶಾಲೆ ಹೋದೆ" ಎಂದು ಮಗು ಬರೆಯುತ್ತದೆ, 'ಗೆ' ಬಿಟ್ಟುಹೋಗುತ್ತದೆ. ಸನ್ನೆಯಲ್ಲಿ ಆ ಪ್ರತ್ಯಯವಿಲ್ಲ, ತುಟಿಯಲ್ಲಿ ಕಾಣುವುದಿಲ್ಲ. ಅದು ದಡ್ಡತನದ ಗುರುತಲ್ಲ. ಪ್ರತ್ಯಯವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ನಾಲ್ಕಾರು ವಾಕ್ಯದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವಂತೆ ಮಾಡಿದರೆ ಮಗು ಹಿಡಿದುಕೊಳ್ಳುತ್ತದೆ. ಒಂದು ಋತುವಿನಲ್ಲಿ 'ಗೆ', 'ಇಂದ', 'ಅಲ್ಲಿ' ಮೂರನ್ನೂ ಹಿಡಿದ ಹುಡುಗನೊಬ್ಬ ನನ್ನ ಬಳಿ ಇದ್ದಾನೆ.

ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಶಿಕ್ಷಕರಿಗೆ ಬೇರೆಯಾಗಿಯೇ ಒಂದು ಮಾತು. 1995ರ ಸುಮಾರಿಗೆ ಪಕ್ಕದ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯವೆಲ್ಲ ಹಬ್ಬಿದ ಪದ್ಧತಿ ಇದು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎನ್ನುವುದು ಅದರ ಜೀವಾಳ. ಈ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಸಿಗುವುದು ಕಷ್ಟ. ಆದರೆ ಕಾರ್ಡು, ಲೋಗೊ, ಕಲಿಕಾ ಏಣಿ, ತಲೆಯ ಮೇಲೆ ತೂಗುವ ಚಪ್ಪರ ಎಲ್ಲವೂ ಕಣ್ಣಿಗೆ. ಹಾಡು, ಕಥೆ, ಅಭಿನಯ ಗೀತೆ ಕಿವಿಗೆ. ಹೀಗಾಗಿ ಒಂದು ಮಗು ಅರ್ಧ ಹೊತ್ತು ಹೊರಗುಳಿಯುತ್ತದೆ, ಇನ್ನೊಂದು ಮಗು ಉಳಿದರ್ಧ. ಆ ಕಾರ್ಡುಗಳ ಮೇಲೆ ಫೆವಿಕಾಲ್ ಹಚ್ಚಿ ರಾಗಿ, ಅವರೆಬೇಳೆ, ಸೆಣಬಿನ ದಾರ ಅಂಟಿಸಿದರೆ ಬೆರಳಿಗೆ ಸಿಗುತ್ತವೆ. ಹಾಡಿನ ಪ್ರತಿ ಸಾಲಿಗೂ ಒಂದು ಸನ್ನೆ ಸೇರಿಸಿದರೆ ಇಡೀ ತರಗತಿ ಕುಣಿಯುತ್ತಾ ಕಲಿಯುತ್ತದೆ. ಮಕ್ಕಳು ನಮಗಿಂತ ಬೇಗ ಸನ್ನೆ ಕಲಿಯುತ್ತಾರೆ.

ಇನ್ನು ಕಣ್ಣು ಕಾಣದ ಮಕ್ಕಳು. ಹಂಗಳದ ದಾರಿಯ ಹಳ್ಳಿಯೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವರ ಅಪ್ಪ ಅರಿಶಿನ ಬೆಳೆಯುತ್ತಾರೆ. ಇಪ್ಪತ್ತರವರೆಗೆ ಮಗ್ಗಿ ಬಾಯಲ್ಲಿ ಹೇಳುತ್ತಾಳೆ. ತ್ರಿಭುಜ ಎಂದರೇನು ಎಂದು ಕೇಳಿದೆ. "ಮೂರು ಬಾಹುಗಳಿಂದ ಆವೃತವಾದ ಸರಳ ಆಕೃತಿ" ಎಂದು ಉಸಿರು ಕಟ್ಟಿ ಒಪ್ಪಿಸಿದಳು. ಒಂದು ತ್ರಿಭುಜವನ್ನೂ ಅವಳು ಮುಟ್ಟಿರಲಿಲ್ಲ. ತೆಂಗಿನ ಗರಿಯ ಕಡ್ಡಿಗಳನ್ನು ಬೇರೆ ಬೇರೆ ಉದ್ದಕ್ಕೆ ಮುರಿದು ಕೈಗೆ ಕೊಟ್ಟು ಮೂರು ಮೂರು ಸೇರಿಸಿ ತ್ರಿಭುಜ ಮಾಡು ಎಂದೆ. ಬೇಕೆಂತಲೇ ಒಂದು ಉದ್ದದ ಕಡ್ಡಿಗೆ ಎರಡು ಗಿಡ್ಡ ಕಡ್ಡಿ ಸೇರಿಸಿದ್ದೆ. ಬಹಳ ಹೊತ್ತು ತಡಕಾಡಿದಳು. ಆಮೇಲೆ ತಲೆಯೆತ್ತಿ, "ಇದು ಸೇರಕಿಲ್ಲ ಮಿಸ್. ಇವೆರಡ್ನೂ ಜೋಡಿಸಿದ್ರೂ ಅದ್ರಷ್ಟು ಉದ್ದ ಆಗಕಿಲ್ಲ" ಎಂದಳು. ತ್ರಿಭುಜದ ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂಬ ಏಳನೇ ತರಗತಿಯ ಪಾಠವನ್ನು ಅವಳು ಯಾರ ಸಹಾಯವೂ ಇಲ್ಲದೆ ಬೆರಳಲ್ಲೇ ಕಂಡುಕೊಂಡಳು. ಕಣ್ಣಿರುವ ಎಷ್ಟೋ ಮಕ್ಕಳಿಗೆ ಈ ಸೂತ್ರವನ್ನು ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಹೀಗೆ ಕಂಡುಕೊಂಡವರನ್ನು ನೋಡಿದ್ದು ಕಡಿಮೆ.

ಅವಳ ಶಾಲೆಯಲ್ಲಿ ಅವಳ ಹೆಸರು ಮೊದಲು ನೆನಪಾಗುವುದು ಪ್ರತಿಭಾ ಕಾರಂಜಿಯ ಹೊತ್ತಿಗೆ. ಭಾವಗೀತೆ ಹಾಡಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಕಣ್ಣಿಲ್ಲದವರಿಗೆ ಸಂಗೀತವೇ ಗತಿ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಆಳವಾಗಿದೆ. ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿದ ಬದುಕಿನ ಎತ್ತರ ಅಂಥದ್ದು, ಅವರಿಗೆ ಕೈಮುಗಿಯುತ್ತೇನೆ. ಹಾಡು ಇಷ್ಟವಿರುವ ಮಗು ಹಾಡಲಿ. ಆದರೆ ಕಣ್ಣಿರುವ ಮಕ್ಕಳಲ್ಲಿ ಯಾರೋ ಒಬ್ಬರು ಹಾಡುವಂತೆ ಕಣ್ಣಿಲ್ಲದವರಲ್ಲೂ ಯಾರೋ ಒಬ್ಬರು ಹಾಡುತ್ತಾರೆ. ಉಳಿದವರಿಗೆ ಲೆಕ್ಕ, ವಿಜ್ಞಾನ, ಭೂಗೋಳ ಬೇಕು. ತುಮಕೂರು ಜಿಲ್ಲೆಯ ಕೆಂಪಹೊನ್ನಯ್ಯ ಅವರು ದೃಷ್ಟಿಯಿಲ್ಲದೆ ಮೈಸೂರಿನಲ್ಲಿ ಓದಿ, ಯುಪಿಎಸ್‌ಸಿಯ 2016ರ ಪರೀಕ್ಷೆ ಗೆದ್ದು ಐಎಎಸ್ ಸೇರಿದರು. ದೃಷ್ಟಿಯಿಲ್ಲ ಎಂಬ ಕಾರಣಕ್ಕೆ ನ್ಯಾಯಾಧೀಶರ ಹುದ್ದೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ. ಆ ಬಾಗಿಲವರೆಗೆ ಹೋಗಲು ಮಗು ಮೊದಲು ನಿಮ್ಮ ತರಗತಿಯಲ್ಲಿ ಓದು ಬರಹ ಕಲಿಯಬೇಕು.

ಓದು ಬರಹ ಎಂದರೆ ಬ್ರೈಲ್. ಮೊಬೈಲ್‌ನಲ್ಲಿ ಕೇಳಿಸಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಕೇಳುವುದು ಬಹಳ ಸಹಾಯಕ್ಕೆ ಬರುತ್ತದೆ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಎರಡೂ ಉಚಿತ. ಆದರೆ ಬರೀ ಕೇಳಿ ಬೆಳೆದ ಮಗುವಿಗೆ ಕಾಗುಣಿತ ತಿಳಿಯದು, ಒತ್ತಕ್ಷರ ತಿಳಿಯದು, ಭಿನ್ನರಾಶಿಯಲ್ಲಿ ಅಂಶ ಯಾವುದು ಛೇದ ಯಾವುದು ಎಂದು ತಿಳಿಯದು. ಬ್ರೈಲ್ ಕಲಿಯುವುದು ನಿಮಗೆ ಕಷ್ಟವಲ್ಲ. ಆರು ಚುಕ್ಕಿ, ಅವುಗಳಿಂದ ಆಗುವ 63 ಗುರುತು, ಅಷ್ಟೇ. ಕನ್ನಡ ಬ್ರೈಲ್‌ನಲ್ಲಿ ಒತ್ತು ಕೆಳಗೆ ಇಳಿಯುವುದಿಲ್ಲ, ಸ್ವರಚಿಹ್ನೆ ಮೇಲೆ ಹತ್ತುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ ನಡೆಯುತ್ತದೆ. ನೀವು ಬೆರಳಿನಿಂದ ಓದಬೇಕಾಗಿಲ್ಲ, ಕಣ್ಣಿನಿಂದ ಓದಿದರೆ ಸಾಕು. ಒಂದು ಬೇಸಿಗೆ ರಜೆ ಧಾರಾಳ. ಮೈಸೂರಿನ ತಿಲಕ್‌ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಪಠ್ಯಪುಸ್ತಕವನ್ನೂ ಕಲಿಕಾ ಸಾಮಗ್ರಿಯನ್ನೂ ಹದಿನೆಂಟು ವರ್ಷದವರೆಗೆ ಉಚಿತವಾಗಿ ಕೊಡಬೇಕು ಎಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಬೇಡಿಕೆ ಪಟ್ಟಿ ಜೂನ್‌ನಲ್ಲೇ ಹೋಗಬೇಕು. ಡಿಸೆಂಬರ್‌ನಲ್ಲಿ ನೆನಪಾದರೆ ವರ್ಷ ಮುಗಿದಿರುತ್ತದೆ.

ಪ್ರಮಾಣಪತ್ರದಲ್ಲಿ ದೃಷ್ಟಿದೋಷ ಎಂದಿರುವ ಎಷ್ಟೋ ಮಕ್ಕಳಿಗೆ ಸ್ವಲ್ಪ ದೃಷ್ಟಿ ಇರುತ್ತದೆ ಎನ್ನುವುದನ್ನೂ ಮರೆಯಬೇಡಿ. ಅವರಿಗೆ ದಪ್ಪ ಅಕ್ಷರ, ಕಪ್ಪು ಸ್ಕೆಚ್ ಪೆನ್, ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬೀಳುವ ಜಾಗ ಸಿಕ್ಕರೆ ಅರ್ಧ ಕೆಲಸ ಆಗುತ್ತದೆ.

ಇನ್ನೊಂದು ಮಾತು ತಂದೆ ತಾಯಿಗಳಿಗೆ ನೀವೇ ಹೇಳಬೇಕಾದದ್ದು. ನಮ್ಮ ಸೀಮೆಯಲ್ಲಿ ನೇತ್ರದಾನದ ಹೆಸರು ಮನೆಮನೆಯಲ್ಲಿದೆ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣುಗಳು ಬೇರೆಯವರಿಗೆ ಬೆಳಕು ಕೊಟ್ಟವು. ಆ ನೆನಪಿನಲ್ಲಿ "ನಮ್ಮ ಕೂಸ್ಗೂ ಒಂದಿನ ಕಣ್ಣು ಬತ್ತದ, ಆಮ್ಯಾಲ ಓದ್ಲಿ" ಎಂದು ಕಾಯುವ ಅಪ್ಪ ಅವ್ವಂದಿರಿದ್ದಾರೆ. ಕಾರ್ನಿಯಾ ಕಸಿ ಫಲ ಕೊಡುವುದು ಕಾರ್ನಿಯಾ ಕೆಟ್ಟಿದ್ದರೆ ಮಾತ್ರ. ನರದ್ದೋ ರೆಟಿನಾದ್ದೋ ತೊಂದರೆ ಇದ್ದರೆ ಅದು ಉಪಯೋಗಕ್ಕೆ ಬಾರದು. ವೈದ್ಯರಿಗೆ ತೋರಿಸುವುದು ಒಂದು ಕಡೆ ನಡೆಯಲಿ, ಓದು ಅದಕ್ಕಾಗಿ ಕಾಯುವುದು ಬೇಡ.

ವಿನಾಯಿತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವೂ ಈ ಮಕ್ಕಳ ಹಕ್ಕು, ಕಾನೂನು ಕೊಟ್ಟದ್ದು. ಆದರೆ ಅದನ್ನು ಪಡೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಗು ಮತ್ತು ಮನೆಯವರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದಲ್ಲ ಎಂದು ಆರನೇ ತರಗತಿಯಲ್ಲೇ ಗಣಿತ ಪಾಠದ ಹೊತ್ತಿಗೆ ಮಗುವನ್ನು ಸುಮ್ಮನೆ ಕೂರಿಸಿದರೆ, ಹತ್ತನೇ ತರಗತಿಯಲ್ಲಿ ಅದಕ್ಕೆ ಆಯ್ಕೆಯೇ ಉಳಿದಿರುವುದಿಲ್ಲ. ಪರೀಕ್ಷೆಯಲ್ಲಿ ಬರೆಯುವ ಸಹಾಯಕ ಮಗು ಹೇಳಿದ್ದನ್ನು ಬರೆಯಬೇಕು. ತಾನೇ ಉತ್ತರ ತುಂಬಿದರೆ ಮಗು ಪಾಸಾಗಿ ಪಿಯುಸಿಗೆ ಹೋಗಿ, ಅಲ್ಲಿ ಮೊದಲ ತಿಂಗಳಲ್ಲೇ ಸೋಲುತ್ತದೆ. ಪರೀಕ್ಷೆಗೆ ಮೊದಲು ಸಹಾಯಕರ ಜೊತೆ ಕೂರಿಸಿ ಅಭ್ಯಾಸ ಮಾಡಿಸಿ. ಬೇರೊಬ್ಬರ ಕೈಯಲ್ಲಿ ಬರೆಸುವುದೂ ಕಲಿಯಬೇಕಾದ ವಿದ್ಯೆ.

"ಮೈಸೂರಿಗೆ ಕಳಿಸಿಬಿಡಲಿ, ಅಲ್ಲಿ ಇವರಿಗೇ ಶಾಲೆ ಇದೆಯಲ್ಲ" ಎನ್ನುವವರೂ ನಿಮ್ಮಲ್ಲಿದ್ದೀರಿ. ನಿಜ, 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಕುರುಡ, ಕಿವುಡ ಮಕ್ಕಳ ಶಾಲೆ ಶುರುವಾಯಿತು. ಅಲ್ಲಿ ಬ್ರೈಲ್ ಬಲ್ಲವರು, ಸನ್ನೆ ಬಲ್ಲವರು, ತಮ್ಮಂಥದೇ ಗೆಳೆಯರು ಸಿಗುತ್ತಾರೆ. ಭಾಷೆಯೇ ಸಿಗದೆ ಏಳೆಂಟು ವರ್ಷ ಕಳೆದಿರುವ ಕಿವಿ ಕೇಳದ ಮಗುವಿಗೆ ಸನ್ನೆ ಆಡುವ ಮಕ್ಕಳ ನಡುವೆ ಬದುಕುವುದು ಎಲ್ಲಕ್ಕಿಂತ ಒಳ್ಳೆಯದು ಎಂದು ನಾನು ನಂಬಿದ್ದೇನೆ. ಆದರೆ ಅರವತ್ತು ಕಿಲೋಮೀಟರ್ ದೂರದ ಹಾಸ್ಟೆಲಿನಲ್ಲಿ ಆರು ವರ್ಷದ ಕೂಸನ್ನು ಬಿಟ್ಟು ಬರಲು ಎಲ್ಲ ತಾಯಂದಿರಿಗೂ ಆಗದು. ಕಾಡಂಚಿನ ಪೋಡುಗಳ ಸೋಲಿಗ ತಾಯಿಯೊಬ್ಬಳಿಗೆ ಅದು ಇನ್ನೂ ದೂರದ ಮಾತು. ಎರಡೂ ದಾರಿಗಳನ್ನು ಬಿಡಿಸಿ ಹೇಳಿ, ಮನೆಯವರು ಆರಿಸಿಕೊಳ್ಳಲಿ. ಅವರು ನಿಮ್ಮ ಶಾಲೆಯನ್ನೇ ಆರಿಸಿಕೊಂಡರೆ ಅದು ಕಾನೂನು ಕೊಟ್ಟ ಹಕ್ಕು, ಆಗ ಕಲಿಸುವ ಹೊಣೆ ಪೂರ್ತಿ ನಿಮ್ಮದು.

ಇಷ್ಟೆಲ್ಲ ಓದಿ "ಒಬ್ಬರೇ ಎರಡು ಮೂರು ತರಗತಿ ನೋಡಬೇಕು, ಮೊಟ್ಟೆ ಲೆಕ್ಕ ಬರೆಯಬೇಕು, ಗಣತಿಗೆ ಹೋಗಬೇಕು, ಇದನ್ನೂ ನಾವೇ ಮಾಡಬೇಕೇ" ಎಂದು ನಿಮಗನ್ನಿಸಿದರೆ ನಿಮ್ಮ ಮಾತು ನ್ಯಾಯವಾದದ್ದು. ಇದನ್ನು ನೀವು ಒಬ್ಬರೇ ಮಾಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಬಿಐಇಆರ್‌ಟಿಗಳಿದ್ದಾರೆ. ಅವರ ಪಾಲಿಗೆ ಇಡೀ ತಾಲ್ಲೂಕು ಬರುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಎಂಬ ಪ್ರಮಾಣವನ್ನು ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಮಾಡಿತು, 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಗುರುತಿಸಿ ತುಂಬುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಿತು. ಆ ಹುದ್ದೆಗಳು ನಮ್ಮ ತಾಲ್ಲೂಕುಗಳಿಗೆ ಬರಬೇಕಾದರೆ ಇಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರು ಏನು ಕಲಿತಿದ್ದಾರೆ, ಏನು ಕಲಿತಿಲ್ಲ ಎಂಬ ಸತ್ಯ ಮೇಲಕ್ಕೆ ಹೋಗಬೇಕು. ಅದನ್ನು ಕಳಿಸಬಲ್ಲವರು ನೀವು ಮಾತ್ರ. ಇದಕ್ಕಾಗಿಯೇ ಅಂಕದ ವಿಷಯವನ್ನು ಅಷ್ಟು ಒತ್ತಿ ಹೇಳಿದೆ.

ನಾನು ಕೇಳಿಕೊಳ್ಳುವುದು ಈ ಶೈಕ್ಷಣಿಕ ವರ್ಷದಲ್ಲೇ ಆಗಬಹುದಾದ ಕೆಲಸಗಳನ್ನು. ಈ ಮಕ್ಕಳಿರುವ ಪ್ರತಿ ಶಾಲೆಯಲ್ಲೂ ಮಗುವಿಗೊಂದು ಪುಸ್ತಕ ಇಡಿ. ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು, ಗಣಿತದಲ್ಲಿ ಒಂದು ಕಲಿಕಾ ಫಲವನ್ನು ಆರಿಸಿ, ಮಗು ಅದನ್ನು ಹೇಗೆ ತೋರಿಸಿತು ಎಂದು ಎರಡು ಸಾಲು ಬರೆಯಿರಿ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡದೆ ಯೂನಿಕೋಡ್‌ನಲ್ಲಿ ಮಾಡಿ, ಆಗ ಮೊಬೈಲ್ ಅದನ್ನು ಓದಿ ಹೇಳುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಪ್ರತಿ ತಿಂಗಳೂ ಅರ್ಧ ಗಂಟೆ ಈ ಮಕ್ಕಳ ಕಲಿಕೆಗೆ ಮೀಸಲಿಡಿ. ಸನ್ನೆ ಬಲ್ಲ ದೊಡ್ಡವರು, ಬ್ರೈಲ್ ಬಲ್ಲ ದೊಡ್ಡವರು ನಮ್ಮ ಊರುಗಳಲ್ಲೇ ಇದ್ದಾರೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಅವರ ಪರಿಚಯ ಇರುತ್ತದೆ. ಅಂಥವರನ್ನು ಶಾಲೆಗೆ ಕರೆಸಿ, ಮಕ್ಕಳು ನೋಡಲಿ. ಮುಖ್ಯ ಶಿಕ್ಷಕರೇ, ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಈ ಮಕ್ಕಳಿಗೆ ಬೇಕಾದ ಪುಸ್ತಕ, ಸಾಮಗ್ರಿ, ಶಿಕ್ಷಕರ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ ಬಿಇಒ ಕಚೇರಿಗೆ ತಲುಪಿಸಿ, ಸ್ವೀಕೃತಿ ಪಡೆಯಿರಿ.

ಗುಂಡ್ಲುಪೇಟೆ ತಾಲ್ಲೂಕಿನ ಯಾವುದೇ ಶಾಲೆಯಿಂದ ಕರೆ ಬಂದರೂ ಗಣಿತದ ಸ್ಪರ್ಶ ಸಾಮಗ್ರಿ ಮಾಡುವುದನ್ನು ತೋರಿಸಿಕೊಡಲು ನಾನು ಬರುತ್ತೇನೆ. ದಪ್ಪ ಕಾಗದ, ದರ್ಜಿಗಳು ಗುರುತು ಹಾಕುವ ಹಲ್ಲಿನ ಚಕ್ರ, ಸೆಣಬಿನ ದಾರ, ಕಡ್ಡಿ, ಅಂಟು ಇದ್ದರೆ ಸಾಕು. ಚಾಮರಾಜನಗರದ ಕಡೆಯ ನಾಲ್ಕೈದು ಶಾಲೆಯವರು ಸೇರಿ ಒಂದು ಶನಿವಾರ ಮಧ್ಯಾಹ್ನ ಗೊತ್ತು ಮಾಡಿದರೆ ಅಲ್ಲಿಗೂ ಬರುತ್ತೇನೆ.



ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ಗುಂಡ್ಲುಪೇಟೆ